ಹಳೆಯ ಫೋಟೋ ಕೆಂಪಾಗಿದೆ, ನೆಗೆಟಿವ್ ಕಿತ್ತಳೆಯಾಗಿದೆ: ಎರಡೂ ಹಾಳಾದಂತೆಯೇ?

ಹಳೆಯ ಮದುವೆ ಆಲ್ಬಮ್ ತೆರೆದರೆ ಮದುಮಗಳ ಮುಖ ಇಟ್ಟಿಗೆ ಬಣ್ಣ, ಹಸಿರು ಚಪ್ಪರ ಕಂದು. ಕವರ್‌ನಲ್ಲಿರುವ ನೆಗೆಟಿವ್ ಪಟ್ಟಿಯೂ ಪೂರ್ತಿ ಕಿತ್ತಳೆ. ‘ನೆಗೆಟಿವ್ ಕೆಟ್ಟಿದೆ, ಅದಕ್ಕೇ ಫೋಟೋ ಹೀಗಾಗಿದೆ’ ಎಂದು ಅದನ್ನು ಕಸಕ್ಕೆ ಹಾಕುವವರಿದ್ದಾರೆ. ಇದು ನಿಜವೇ?

ಅಲ್ಲ. ಪ್ರಿಂಟ್‌ನ ಬಣ್ಣ ಕೆಟ್ಟಿದೆ ಎಂದರೆ ನೆಗೆಟಿವ್ ಕೆಟ್ಟಿದೆ ಎಂದರ್ಥವಲ್ಲ.

ನಮ್ಮ ಭಾಗದಲ್ಲಿ ಇದು ಸಣ್ಣ ವಿಷಯವೂ ಅಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಹಲವು ಊರುಗಳು ಮುಳುಗಿದವು. ಆ ಊರಿನ ಮನೆ, ಓಣಿ, ಗುಡಿಕಟ್ಟೆಗಳು ಇಂದು ಉಳಿದಿದ್ದರೆ ರೋಲ್ ಕ್ಯಾಮೆರಾದ ಫೋಟೋಗಳಲ್ಲಿ ಮಾತ್ರ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳ ನೆರೆ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ಮನೆಗಳಿಗೂ ನುಗ್ಗಿತು. ಉಳಿದಿರುವ ಪಟ್ಟಿಗಳನ್ನು ನಾವೇ ಎಸೆಯಬಾರದು.

ನೆಗೆಟಿವ್ ಕಿತ್ತಳೆ ಏಕೆ?

ಅದು ಕಲೆಯಲ್ಲ, ಬೇಕೆಂದೇ ಸೇರಿಸಿದ ಬಣ್ಣ. ಕಲರ್ ಫಿಲ್ಮ್‌ನಲ್ಲಿ ಹಳದಿ, ಮೆಜೆಂಟಾ (ನೇರಳೆ-ಗುಲಾಬಿ), ಸಯಾನ್ (ತಿಳಿ ನೀಲಿ-ಹಸಿರು) ಎಂಬ ಮೂರು ಬಣ್ಣಗಳ ಪದರಗಳಿರುತ್ತವೆ. ಇವು ಪೂರ್ತಿ ಶುದ್ಧವಲ್ಲ. ಮೆಜೆಂಟಾ ತಡೆಯಬೇಕಾದದ್ದು ಹಸಿರು ಬೆಳಕನ್ನು ಮಾತ್ರ, ಆದರೆ ಒಂದಿಷ್ಟು ನೀಲಿಯನ್ನೂ ತಡೆಯುತ್ತದೆ. ಸಯಾನ್‌ನಲ್ಲೂ ಇಂಥದ್ದೇ ಕೊರತೆಯಿದೆ. ಈ ದೋಷವನ್ನು ಸರಿದೂಗಿಸಲೆಂದೇ ತಯಾರಕರು ಕಿತ್ತಳೆ ಛಾಯೆ ಬರುವಂತೆ ಮಾಡುತ್ತಾರೆ. ಹೊಸ ರೋಲ್ ತೊಳೆದರೂ ಪಟ್ಟಿ ಕಿತ್ತಳೆಯೇ.

ಹಾಗಾದರೆ ಪ್ರಿಂಟ್ ಬಣ್ಣ ಕೆಟ್ಟಿದ್ದು ಎಲ್ಲಿ?

ಮುಖ್ಯವಾಗಿ ನಾಲ್ಕು ಕಡೆ.

1. ಬೆಳಕು: ಸಾಮಾನ್ಯ ಫಿಲ್ಮ್ ತಯಾರಾಗುವುದು ಹಗಲಿನ ಬೆಳಕಿಗೆ. ಟ್ಯೂಬ್‌ಲೈಟ್ ಕೆಳಗೆ ಫ್ಲ್ಯಾಷ್ ಇಲ್ಲದೆ ತೆಗೆದರೆ ಚಿತ್ರ ಹಸಿರಾಗುತ್ತದೆ, ಹಳೆಯ ಬಲ್ಬ್ ಕೆಳಗಾದರೆ ಹಳದಿ-ಕಿತ್ತಳೆ. ನಮ್ಮ ಕಣ್ಣು ಆ ಬೆಳಕಿಗೆ ಹೊಂದಿಕೊಳ್ಳುತ್ತದೆ, ಫಿಲ್ಮ್ ಹೊಂದಿಕೊಳ್ಳುವುದಿಲ್ಲ.

2. ಲ್ಯಾಬ್ ಯಂತ್ರದ ಅಂದಾಜು: ಚಿತ್ರದ ಎಲ್ಲ ಬಣ್ಣ ಬೆರೆಸಿದರೆ ಸುಮಾರು ಬೂದು ಬರುತ್ತದೆ ಎಂದು ಪ್ರಿಂಟಿಂಗ್ ಯಂತ್ರ ಲೆಕ್ಕ ಹಾಕುತ್ತದೆ. ಕಬ್ಬಿನ ಗದ್ದೆಯ ಮುಂದೆ ನಿಂತ ಫೋಟೋದಲ್ಲಿ ಈ ಲೆಕ್ಕ ತಪ್ಪುತ್ತದೆ. ಹಸಿರು ಹೆಚ್ಚಾಯಿತೆಂದು ಯಂತ್ರ ಅದನ್ನು ತಗ್ಗಿಸಲು ಹೋಗಿ ಮುಖಗಳನ್ನು ಮೆಜೆಂಟಾ ಮಾಡುತ್ತದೆ. ಇದಕ್ಕೆ ಮದ್ದು ಫಿಲ್ಟರ್ ಬದಲಿಸಿ ಮರುಪ್ರಿಂಟ್. ಇಲ್ಲೊಂದು ವಿಚಿತ್ರವಿದೆ: ಪ್ರಿಂಟ್‌ನಲ್ಲಿ ಮೆಜೆಂಟಾ ಜಾಸ್ತಿಯಾದರೆ ಮೆಜೆಂಟಾ ಫಿಲ್ಟರನ್ನೇ ಹೆಚ್ಚಿಸಬೇಕು. ಅದು ಹಸಿರು ಬೆಳಕನ್ನು ತಡೆಯುತ್ತದೆ, ಕಾಗದದಲ್ಲಿ ಮೆಜೆಂಟಾ ಮೂಡಿಸುವುದು ಆ ಹಸಿರು ಬೆಳಕೇ.

3. ತೊಳೆಯುವಿಕೆ: 1972ರಲ್ಲಿ ಬಂದ ಸಿ-41 ವಿಧಾನದಲ್ಲಿ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಸಮಯ 3 ನಿಮಿಷ 15 ಸೆಕೆಂಡ್. ಶಾಖ ಏರುಪೇರಾದರೆ, ದ್ರಾವಣ ಹಳಸಿದರೆ ಅಥವಾ ರೋಲ್ ಬೇಸಿಗೆ ಶಾಖದಲ್ಲಿ ಬಹಳ ದಿನ ಇದ್ದರೆ ಮೂರು ಪದರಗಳು ಹೊಂದದೆ ಬರುತ್ತವೆ. ಆಗ ನೆರಳಿನ ಭಾಗ ಒಂದು ಬಣ್ಣ, ಬೆಳಕಿನ ಭಾಗ ಇನ್ನೊಂದು ಬಣ್ಣ. ಯಾವ ಫಿಲ್ಟರ್ ಹಾಕಿದರೂ ಇದು ಪೂರ್ತಿ ಸರಿಹೋಗದು.

4. ವಯಸ್ಸು: ಹಳೆಯ ಪ್ರಿಂಟ್‌ಗಳಲ್ಲಿ, ಆಲ್ಬಮ್‌ನ ಕತ್ತಲಲ್ಲೇ ಇಟ್ಟಿದ್ದರೂ ಸಯಾನ್ ಮೊದಲು ಮಾಸುವುದು ಸಾಮಾನ್ಯ. ಸಯಾನ್ ಹೋದರೆ ಉಳಿಯುವುದು ಕೆಂಪು. ಆಲ್ಬಮ್ ಕೆಂಪಾಗುವ ಗುಟ್ಟು ಇದೇ.

ಮನೆಯಲ್ಲೇ ಪತ್ತೆ ಮಾಡುವುದು ಹೇಗೆ?

• ಚಿತ್ರದಲ್ಲಿ ಬಿಳಿ ವಸ್ತು ಹುಡುಕಿ: ಅಜ್ಜನ ಟೋಪಿ, ಧೋತರ, ಇಳಕಲ್ ಸೀರೆಯ ಕೆಂಪು ಸೆರಗಿನ ಬಿಳಿ ತೆನೆ. ಅದರ ಮೇಲೆ ಕಾಣುವ ಬಣ್ಣವೇ ಹೆಚ್ಚಾಗಿರುವ ಬಣ್ಣ.
• ಪ್ರಿಂಟ್‌ಗೆ ಬಿಳಿ ಅಂಚಿದ್ದರೆ ನೋಡಿ. ಅಂಚೂ ಹಳದಿಯಾಗಿದ್ದರೆ ಕಾಗದಕ್ಕೇ ಕಲೆ ಬಂದಿದೆ.
• ಅದೇ ರೋಲ್‌ನ ಬೇರೆ ಫೋಟೋ ನೋಡಿ. ಒಂದು ಮಾತ್ರ ಕೆಟ್ಟಿದ್ದರೆ ಬೆಳಕು ಅಥವಾ ಯಂತ್ರದ ಅಂದಾಜು ಕಾರಣವಿರಬಹುದು. ಎಲ್ಲವೂ ಒಂದೇ ರೀತಿ ಕೆಂಪಾಗಿದ್ದರೆ ವಯಸ್ಸಿನ ಮೇಲೆ ಅನುಮಾನಪಡಿ.

ಎಸೆಯಬೇಡಿ, ಹೀಗೆ ಮಾಡಿ

ನೆಗೆಟಿವ್ ಬಣ್ಣವೂ ವರ್ಷ ಕಳೆದಂತೆ ಮಾಸುತ್ತದೆ. ಆದರೆ ಪ್ರಿಂಟ್ ಮಾಸಿದ್ದು ಅದಕ್ಕೆ ತಟ್ಟುವುದಿಲ್ಲ. ಫಿಲ್ಮ್ ಸ್ಕ್ಯಾನರ್ ಇರುವ ಕಡೆ ಸ್ಕ್ಯಾನ್ ಮಾಡಿಸಿ. ಅದಿಲ್ಲದಿದ್ದರೆ ಒಂದು ಮೊಬೈಲ್‌ನಲ್ಲಿ ಬಿಳಿ ಸ್ಕ್ರೀನ್ ಬೆಳಗಿಸಿ, ನೆಗೆಟಿವನ್ನು ಅದರಿಂದ ಸ್ವಲ್ಪ ಮೇಲೆ ಹಿಡಿದು ಇನ್ನೊಂದರಲ್ಲಿ ಫೋಟೋ ತೆಗೆಯಿರಿ. ಬರಿದೇ ಬಣ್ಣ ತಿರುಗಿಸಿದರೆ ಚಿತ್ರ ನೀಲಿಯಾಗಿ ಕಾಣುತ್ತದೆ, ಏಕೆಂದರೆ ಕಿತ್ತಳೆಯೂ ತಿರುಗಿರುತ್ತದೆ. ಆ ನೀಲಿಯನ್ನು ತಗ್ಗಿಸಬೇಕು. ಪಟ್ಟಿಯ ಅಂಚು ಮಾತ್ರ ಹಿಡಿಯಿರಿ, ತಂಪಾದ ಒಣ ಜಾಗದಲ್ಲಿಡಿ.

‘ಒಂದೇ ಕ್ಲಿಕ್‌ಗೆ ಅಸಲಿ ಬಣ್ಣ’ ಎನ್ನುವ ಆ್ಯಪ್‌ಗಳ ಬಗ್ಗೆ ಎಚ್ಚರ. ಮಾಸಿ ಹೋದ ಕಡೆ ಅವು ಬಣ್ಣವನ್ನು ಊಹಿಸಿ ತುಂಬುತ್ತವೆ. ಅವ್ವನ ಸೀರೆಯ ಬಣ್ಣ ಅದೇ ಆಗಿತ್ತೆಂಬ ಖಾತರಿಯಿಲ್ಲ.

ಇನ್ನೊಂದು ಮಾತು. ತೊಳೆದ ಕಲರ್ ನೆಗೆಟಿವ್‌ನಲ್ಲಿ ಬೆಳ್ಳಿ ಉಳಿದಿರುವುದಿಲ್ಲ, ಉಳಿಯುವುದು ಬಣ್ಣ ಮಾತ್ರ. ಈ ಬಣ್ಣ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ತಡೆಯುವುದಿಲ್ಲ. ಆದ್ದರಿಂದ ಅದರ ಮೂಲಕ ಸೂರ್ಯಗ್ರಹಣ ನೋಡಲೇಬೇಡಿ, ಕಣ್ಣಿಗೆ ಅಪಾಯ.

ಕಪಾಟಿನಲ್ಲಿ ನೆಗೆಟಿವ್ ಕವರ್ ಇಟ್ಟುಕೊಂಡಿರುವ ಮನೆಯವರಿಗೆ ಇದನ್ನು ಕಳಿಸಿ.