ಅಮ್ಮನನ್ನು ಕರೆತರುವ ಮುಂಚೆ ಅಮ್ಮನ ಮನೆ ನೋಡಿ

ಸಂಜೆಯಾದ ಮೇಲೆ ನಿಮ್ಮ ಅಮ್ಮ ಅಥವಾ ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರಾ? ಕೇಳಿದರೆ ‘ಬಾಯಾರಿಕೆ ಆಗಲ್ಲ ಕಣೆ’ ಅಂತಾರೆ. ನಿಜವಾದ ಕಾರಣ ಬೇರೆಯೇ ಇರಬಹುದು. ರಾತ್ರಿ ಎದ್ದರೆ ಕತ್ತಲಲ್ಲಿ ನಡುಮನೆ, ಹೊಸ್ತಿಲು ದಾಟಿ, ಎರಡು ಮೆಟ್ಟಿಲು ಇಳಿದು ಹಿತ್ತಲ ಕಡೆಯ ಟಾಯ್ಲೆಟ್‌ಗೆ ಹೋಗಬೇಕಲ್ಲ, ಅದರ ಭಯ. ನೀರು ಕಮ್ಮಿಯಾಗಿ ಉರಿಮೂತ್ರ, ತಲೆಸುತ್ತು ಶುರುವಾದಾಗ ‘ವಯಸ್ಸಾಯ್ತಲ್ಲ’ ಎಂದು ನಾವು ಡಾಕ್ಟರ ಹತ್ತಿರ ಕರೆದೊಯ್ಯುತ್ತೇವೆ. ಮನೆಯನ್ನು ಮಾತ್ರ ಯಾರೂ ಪರೀಕ್ಷೆ ಮಾಡುವುದಿಲ್ಲ!

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯಂಥ ಹಳೆಯ ಬಡಾವಣೆಗಳಲ್ಲಿ ಎಂಬತ್ತು ದಾಟಿದ ಎಷ್ಟೋ ಹೆಂಗಸರು ಒಬ್ಬರೇ ಇದ್ದಾರೆ. ಯಜಮಾನರು ಹೋಗಿ ಎಷ್ಟೋ ವರ್ಷ, ಮಗ ಅಮೆರಿಕದಲ್ಲಿ, ಮಗಳು ಊರಿನ ಇನ್ನೊಂದು ತುದಿಯಲ್ಲಿ. ‘ನಮ್ಮ ಜೊತೆ ಬಂದುಬಿಡಮ್ಮ’ ಎಂದರೆ ಒಪ್ಪುವುದಿಲ್ಲ. ದಯವಿಟ್ಟು ಅದನ್ನು ಹಟ ಅನ್ನಬೇಡಿ. ಹೂವಿನವಳು, ಎದುರುಮನೆಯವರು, ಮೂಲೆಯ ದೇವಸ್ಥಾನ ಎಲ್ಲ ಅವರಿಗೆ ಆ ಬೀದಿಯಲ್ಲೇ ಇವೆ. ಅವರನ್ನು ಅಲ್ಲಿಂದ ಕೀಳುವ ಮುಂಚೆ ಮನೆಯನ್ನು ಸ್ವಲ್ಪ ಬದಲಾಯಿಸಿ ನೋಡಬಾರದೇ?

ಮೊದಲು ಬಚ್ಚಲುಮನೆಗೆ ಹೋಗಿ. ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡಿ. ಒಳಕ್ಕೆ ತೆರೆಯುವಂತಿದ್ದು ಅವರು ಅದಕ್ಕೆ ಅಡ್ಡವಾಗಿ ಬಿದ್ದರೆ, ಹೊರಗಿನಿಂದ ತಳ್ಳುವುದಕ್ಕೂ ಆಗುವುದಿಲ್ಲ. ಬಡಗಿಯನ್ನು ಕರೆಸಿ ಹೊರಕ್ಕೆ ತೆರೆಯುವ ಹಾಗೆ ಮಾಡಿಸಿ. ಒಳಗಿನ ಚಿಲಕವನ್ನೂ ತೆಗೆಸಿಬಿಡಿ. ಒಬ್ಬರೇ ಇರುವ ಮನೆಯಲ್ಲಿ ಯಾರಿಂದ ಮರೆ? ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಒಂದೊಂದು ಸ್ಟೀಲ್ ಹಿಡಿ ಬೇಕು, ಗೋಡೆಗೆ ಗಟ್ಟಿಯಾಗಿ ಕೂರಿಸಿದ್ದು. ಟವೆಲ್ ರಾಡ್ ಇದೆಯಲ್ಲ ಅನ್ನಬೇಡಿ. ಅದು ಒದ್ದೆ ಟವೆಲಿನ ಭಾರ ತಡೆದರೆ ಹೆಚ್ಚು. ನಿಂತು ಸ್ನಾನ ಮಾಡುವುದು ಬೇಡ, ಜಾರದ ಕಾಲಿನ ಒಂದು ಸ್ಟೂಲ್ ಇಡಿ. ಮಾಡ್ಯುಲರ್ ಕಿಚನ್‌ಗೆ ಲಕ್ಷಗಟ್ಟಲೆ ಸುರಿಯುವ ನಾವು ಇಷ್ಟಕ್ಕೆ ‘ಮುಂದಿನ ತಿಂಗಳು ನೋಡೋಣ’ ಅಂತೀವಿ!

ನಮ್ಮ ಬೀದಿಯ ಅಜ್ಜಿಯೊಬ್ಬರು ಕಳ್ಳರ ಭಯಕ್ಕೆ ಮುಂಬಾಗಿಲಿಗೆ ಮೂರು ಚಿಲಕ ಹಾಕಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಒಂಬತ್ತಾದರೂ ಗೇಟಿನಲ್ಲೇ ಇತ್ತು. ಕೂಗಿದರೆ ಒಳಗಿಂದ ಸಣ್ಣ ದನಿ. ಬಾಗಿಲು ಒಡೆಯುವಷ್ಟರಲ್ಲಿ ಹತ್ತೂವರೆ. ರಾತ್ರಿಯಿಂದ ಅಡುಗೆಮನೆ ನೆಲದಲ್ಲೇ ಬಿದ್ದಿದ್ದರು, ಸೊಂಟದ ಮೂಳೆ ಮುರಿದಿತ್ತು. ಕಳ್ಳ ಬಂದಿರಲಿಲ್ಲ, ನಾವೂ ಒಳಗೆ ಹೋಗುವಂತಿರಲಿಲ್ಲ. ಹೊರಗಿನಿಂದ ಕೀಲಿಯಲ್ಲಿ ತೆಗೆಯಬಹುದಾದ ಒಂದೇ ಒಳ್ಳೆಯ ಬೀಗ ಇದ್ದಿದ್ದರೆ ಸಾಕಿತ್ತು.

ಇನ್ನೊಂದು ಮಾತು, ಕೆಲವರಿಗೆ ಕೋಪ ಬರಬಹುದು. ಕೆಳಗಿನ ಮನೆಗೆ ಬಾಡಿಗೆ ಜಾಸ್ತಿ ಅಂತ ಅದನ್ನು ಬಾಡಿಗೆಗೆ ಕೊಟ್ಟು, ವಯಸ್ಸಾದವರನ್ನು ಮಹಡಿಗೆ ಹತ್ತಿಸಿರುವ ಮನೆಗಳು ಎಷ್ಟಿಲ್ಲ! ಮಂಡಿನೋವಿನವರು ಕೆಳಗಿಳಿಯುವುದೇ ನಿಂತುಹೋಗುತ್ತದೆ. ಬಾಡಿಗೆ ನಾಲ್ಕು ಸಾವಿರ ಕಮ್ಮಿಯಾಗಲಿ, ಕೆಳಗಿನ ಮನೆ ಅವರಿಗೆ ಬಿಡಿಸಿಕೊಡಿ. ಬಾಗಿಲ ಮುಂದೆ ಆರು ಇಂಚಿನ ಮೆಟ್ಟಿಲಿದ್ದರೆ ಇಳಿಜಾರು ಕನಿಷ್ಠ ಆರು ಅಡಿ ಉದ್ದ ಇರಬೇಕು. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಅಂತ ಲೆಕ್ಕ. ಮೇಸ್ತ್ರಿ ‘ಎರಡಡಿ ಸಾಕಮ್ಮ’ ಅಂದರೆ ಒಪ್ಪಬೇಡಿ, ಅದು ಸ್ಕೂಟರ್ ಹತ್ತಿಸುವುದಕ್ಕೆ ಸರಿ. ಬಾಡಿಗೆ ಮನೆಯಾದರೆ ಮಾಲೀಕರ ಹತ್ತಿರ ನೀವೇ ಹೋಗಿ ಮಾತಾಡಿ, ಅಮ್ಮ ಸಂಕೋಚಕ್ಕೆ ಕೇಳುವುದಿಲ್ಲ.

ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇದೆ. ಅದನ್ನೂ, ತುರ್ತಿಗೆ 112ನ್ನೂ ದಪ್ಪ ಅಕ್ಷರದಲ್ಲಿ ಬರೆದು ಮಂಚದ ಪಕ್ಕ ಅಂಟಿಸಿ.

ಈ ಭಾನುವಾರ ಅಮ್ಮನ ಮನೆಗೆ ಹೋದರೆ ರಾತ್ರಿ ಅಲ್ಲೇ ಉಳಿಯಿರಿ. ಲೈಟು ಹಾಕದೆ ಅವರ ಮಂಚದಿಂದ ಟಾಯ್ಲೆಟ್‌ವರೆಗೆ ನೀವೇ ಗೋಡೆ ಹಿಡಿದು ಮೆಲ್ಲಗೆ ನಡೆದು ನೋಡಿ. ಕಾಲಿಗೆ ತಗುಲುವ ಕಾಲೊರೆಸು, ವೈರು, ಸ್ಟೂಲು ಎಲ್ಲ ಆಗಲೇ ಎತ್ತಿಡಿ. ಬೆಳಿಗ್ಗೆ ಹೊರಡುವಾಗ, ಅಮ್ಮನನ್ನು ಕೇಳಿಯೇ, ಇನ್ನೊಂದು ಕೀಲಿಯನ್ನು ಎದುರುಮನೆಯವರ ಕೈಲಿ ಕೊಟ್ಟು ಬನ್ನಿ.