ಬಲೆಯೊಳಗಿನ ಹಕ್ಕಿ

ಪಂಜರದ ಗಿಳಿಯನ್ನು ಕುರಿತು ಮರುಕಪಡುವುದು ನಮ್ಮ ಕಾವ್ಯದಲ್ಲಿ ಹಳೆಯ ರೂಢಿ. ಎರಡು ದಶಕಗಳಿಂದ ಕನ್ನಡ ಪಾಠ ಹೇಳುತ್ತಿರುವ ನಾನೂ ಆ ಮರುಕವನ್ನೇ ವಿದ್ಯಾರ್ಥಿಗಳಿಗೆ ಹಂಚುತ್ತ ಬಂದವನು. 2019ರಲ್ಲಿ ಸಿಂಗಪುರದ ಜುರಾಂಗ್ ಪಕ್ಷಿಶಾಲೆಯನ್ನು ಹೊಕ್ಕಾಗಲೂ ಅದು ನನ್ನ ಜೊತೆಗಿತ್ತು. ಹೊರಬರುವಾಗ ಮೊದಲಿನಷ್ಟು ಸರಳವಾಗಿ ಉಳಿದಿರಲಿಲ್ಲ.

ಹುಲಿಯಿಲ್ಲ, ಆನೆಯಿಲ್ಲ, ಹಕ್ಕಿಗಳಿಗೇ ಮೀಸಲಾದ ತಾಣವದು. 1971ರಲ್ಲಿ ತೆರೆದು 2023ರ ಜನವರಿಯಲ್ಲಿ ಮುಚ್ಚಿತು. ಹಕ್ಕಿಗಳನ್ನು ಅದೇ ನಗರದ ಮಂಡಾಯಿಯಲ್ಲಿರುವ ಹೊಸ ನೆಲೆಗೆ ಸಾಗಿಸಿದರು. ನಾನು ಕಂಡ ಜುರಾಂಗಿನಲ್ಲಿ 30 ಮೀಟರು ಎತ್ತರದ ಕೃತಕ ಜಲಪಾತವೂ ಮರಗಳೂ ಒಂದೇ ಬಲೆಯೊಳಗಿದ್ದವು. ನೋಡುವವನೂ ಬಲೆಯೊಳಗೇ ನಡೆಯಬೇಕು.

ಅಲ್ಲಿ ಬಾಲಿ ಮೈನಾ ಹಕ್ಕಿಯನ್ನು ಕಂಡೆ. ಹಾಲುಬಿಳುಪಿನ ಮೈ, ಕಣ್ಣಿನ ಸುತ್ತ ನೀಲಿ. ಬಾಲಿ ದ್ವೀಪವೊಂದೇ ಅದರ ತವರು. ಚೆಲುವೇ ಅದಕ್ಕೆ ಮುಳುವಾಯಿತು. ಸಾಕುವವರಿಗೆ ಮಾರಲೆಂದು ಹಿಡಿದು ಹಿಡಿದು, 2001ರ ಹೊತ್ತಿಗೆ ಕಾಡಿನಲ್ಲಿ ಹತ್ತೂ ಉಳಿದಿರಲಿಲ್ಲ. ಸೆರೆಯಲ್ಲಿ ಹುಟ್ಟಿದ ಮರಿಗಳನ್ನು ಮರಳಿ ಕಾಡಿಗೆ ಬಿಟ್ಟುದರಿಂದ ಅಲ್ಲಿ ಅದರ ಕುಲ ಉಳಿದಿದೆ. ಕೆಡಿಸಿದ್ದೂ ಪಂಜರ, ಕಾಯ್ದದ್ದೂ ಪಂಜರ! ಇದನ್ನು ನಾನು ಯಾವ ತರಗತಿಯಲ್ಲಿಯೂ ಹೇಳಿರಲಿಲ್ಲ.

ಮುಂದೆ ದೊಡ್ಡ ಮಂಗಟ್ಟೆ. ಹಳದಿ ಕೊಕ್ಕು, ಅದರ ಮೇಲೊಂದು ಕಿರೀಟ. 2018ರಲ್ಲಿ ಅಲ್ಲಿಯ ವೈದ್ಯರು, ಕಿರೀಟಕ್ಕೆ ಕ್ಯಾನ್ಸರ್ ತಗುಲಿದ್ದ ಒಂದು ಮಂಗಟ್ಟೆಗೆ ಶಸ್ತ್ರಚಿಕಿತ್ಸೆ ಮಾಡಿ, ಕೃತಕ ಕಿರೀಟವನ್ನು ತೊಡಿಸಿದ್ದರು. ಅಂಥ ಆರೈಕೆಗೆ ತಲೆಬಾಗಬೇಕು. ಆದರೆ ಆ ಹಕ್ಕಿಯ ಮುಂದೆ ನನಗೆ ನಾಚಿಕೆಯಾಯಿತು. ಅದು ನಮ್ಮ ದಾಂಡೇಲಿಯ ಕಾಡಿನಲ್ಲಿಯೂ ಇರುವ ಹಕ್ಕಿ. ನಾನದನ್ನು ಮೊದಲು ಕಂಡದ್ದು ಕಡಲಾಚೆ, ಬಲೆಯೊಳಗೆ.

ಕಾಡಿನ ಮಂಗಟ್ಟೆ ಹಣ್ಣು ತಿಂದು, ಬೀಜವನ್ನು ದೂರ ದೂರ ಉದುರಿಸಿ ಕಾಡನ್ನು ಬೆಳೆಸುತ್ತದೆ. ಹೆಣ್ಣು ಹೆಮ್ಮರದ ಪೊಟರೆಯಲ್ಲಿ ಕುಳಿತು ಬಾಗಿಲನ್ನು ಮುಚ್ಚಿಕೊಂಡರೆ, ಗಂಡು ಕಿರುಸೀಳಿನಿಂದ ತಿಂಗಳುಗಟ್ಟಲೆ ಉಣಿಸುತ್ತದೆ. ಪಕ್ಷಿಶಾಲೆ ಹಕ್ಕಿಯ ಜೀವವನ್ನು ಉಳಿಸೀತು. ಕಾಡಿನಲ್ಲಿ ಅದು ಮಾಡುವ ಕೆಲಸವನ್ನು ಉಳಿಸಲಾರದು. ಹೆಮ್ಮರ ಉರುಳಿದ ಮೇಲೆ ಯಾವ ವೈದ್ಯನೂ ಅದನ್ನು ಮರಳಿ ನಿಲ್ಲಿಸಲಾರ.

ಬಲೆ ಕಟ್ಟದೆ ಕಾಯುವ ಬಗೆ ನಮಗೆ ತಿಳಿಯದ್ದೇನಲ್ಲ. ಸಲೀಂ ಅಲಿಯವರ ಮಾತಿಗೆ ಕಿವಿಗೊಟ್ಟು ಮೈಸೂರು ಸಂಸ್ಥಾನವು 1940ರಲ್ಲಿಯೇ ರಂಗನತಿಟ್ಟನ್ನು ಪಕ್ಷಿಧಾಮವೆಂದು ಸಾರಿತು. ಇಂದಿಗೂ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ತಾವಾಗಿ ಬಂದು ಗೂಡು ಕಟ್ಟುತ್ತವೆ.

ಪಾಠ ಹೇಳುವ ಗೆಳೆಯರಲ್ಲಿ ನನ್ನದೊಂದು ಬಿನ್ನಹ. ಹಕ್ಕಿಯ ಪದ್ಯ ಬಂದ ದಿನ ನಿಘಂಟನ್ನು ಮುಚ್ಚಿಟ್ಟು, ಮಕ್ಕಳನ್ನು ಊರ ಕೆರೆಯಂಚಿಗೆ ಕರೆದೊಯ್ಯೋಣ. ಹಕ್ಕಿಯ ಗುರುತು ಹತ್ತಿದವರು ಅದರ ಮರಕ್ಕೆ ಕೊಡಲಿ ಬೀಳುವಾಗ ಸುಮ್ಮನಿರಲಾರರು. ನನಗೆ ಆ ಗುರುತು ತಡವಾಗಿ ಹತ್ತಿತು, ಅವರಿಗೆ ಹಾಗಾಗದಿರಲಿ.