ಕಂಪೈಲರ್ ಕಾಣದ ಸಾಲುಗಳು

ಸಿ ಭಾಷೆಯ ಕೋಡ್ ಕಂಪೈಲರ್ ಕೈ ಸೇರುವ ಮೊದಲೇ ಪ್ರಿಪ್ರೊಸೆಸರ್ ಅದನ್ನು ಜರಡಿ ಹಿಡಿಯುತ್ತದೆ. ಇಫ್‌ಡೆಫ್ ಎಂಬ ನಿರ್ದೇಶನದ ಷರತ್ತು ಸುಳ್ಳಾದರೆ, ಅಲ್ಲಿಂದ ಎಂಡಿಫ್‌ವರೆಗಿನ ಸಾಲುಗಳು ಮುಂದೆ ಹೋಗುವುದೇ ಇಲ್ಲ. ಈ ಸೌಲಭ್ಯವನ್ನು ಎಷ್ಟು ಬಳಸಬೇಕೆಂಬ ವಿಷಯದಲ್ಲಿ ಅನುಭವಿಗಳಲ್ಲೇ ಪ್ರಾಮಾಣಿಕ ಭಿನ್ನಮತವಿದೆ.

ಪರವಾದ ವಾದಕ್ಕೆ ತೂಕವಿದೆ. ವಿಂಡೋಸ್‌ನಲ್ಲಷ್ಟೇ ಇರುವ ಹೆಡರ್ ಕಡತವನ್ನು ಲಿನಕ್ಸ್‌ನಲ್ಲಿ ಸೇರಿಸಿಕೊಳ್ಳಲಾಗದು. ಅಲ್ಲಿ ಸಾಮಾನ್ಯ ಇಫ್ ನೆರವಿಗೆ ಬಾರದು. ಬೇಡದ ಸೌಲಭ್ಯವನ್ನು ಬೇರುಸಹಿತ ಕೀಳಲೂ ಇದು ನೇರ ದಾರಿ. 2014ರಲ್ಲಿ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬೀಟ್ ಭಾಗದಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ತಕ್ಷಣ ಹೊಸ ಆವೃತ್ತಿಗೆ ಹೋಗಲಾಗದವರಿಗೆ ಅದರ ತಂಡ ಹೇಳಿದ್ದು ಇಷ್ಟೇ: ಆ ಭಾಗವನ್ನು ಕೈಬಿಡುವ ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿ.

ವಿರೋಧದ ವಾದವೂ ಅಷ್ಟೇ ಗಟ್ಟಿ. ಕೈಬಿಟ್ಟ ಭಾಗದಲ್ಲಿ ಪ್ರಿಪ್ರೊಸೆಸರ್ ನೋಡುವುದು ಮುಖ್ಯವಾಗಿ ಯಾವ ಎಂಡಿಫ್ ಯಾವ ಇಫ್‌ಡೆಫ್‌ಗೆ ಸೇರಿದ್ದೆಂಬುದನ್ನು. ಒಳಗಿನ ವ್ಯಾಕರಣ, ಟೈಪುಗಳ ತಪ್ಪು ಯಾರ ಕಣ್ಣಿಗೂ ಬೀಳದು. ಷರತ್ತಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ, ಪ್ರಿಪ್ರೊಸೆಸರ್‌ನ ಇಫ್‌ನಲ್ಲಿ ವ್ಯಾಖ್ಯಾನಿಸದ ಹೆಸರಿಗೆ ಸೊನ್ನೆ ಬೆಲೆ ಎಂಬ ನಿಯಮದಿಂದ ಇಡೀ ಭಾಗ ಸದ್ದಿಲ್ಲದೆ ಮಾಯವಾಗಬಹುದು. ಸ್ವತಂತ್ರವಾದ 20 ಆಯ್ಕೆಗಳಿದ್ದರೆ 10,48,576 ರೂಪಗಳು, ಅಷ್ಟನ್ನೂ ಪರೀಕ್ಷಿಸುವವರಿಲ್ಲ. ಪ್ರೋಗ್ರಾಮರ್‌ಗಳಾದ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕಾಲಿಯರ್ 1992ರಲ್ಲೇ ಇಫ್‌ಡೆಫ್ ಹಾನಿಕರವೆಂದು ವಾದಿಸಿದ್ದರು. ಹಾರ್ಟ್‌ಬ್ಲೀಡ್ ನಂತರ ಅದೇ ಓಪನ್‌ಎಸ್‌ಎಸ್‌ಎಲ್ ಕೋಡಿನಿಂದ ಲಿಬ್ರೆಎಸ್‌ಎಸ್‌ಎಲ್ ಕಟ್ಟಿದವರು ಹಳೆಯ ಯಂತ್ರಗಳಿಗಾಗಿ ಬೆಳೆದಿದ್ದ ಇಂಥ ಕವಲುಗಳನ್ನು ಸವರಿ ಹಾಕಿದರು.

ಆದರೆ ಕವಲನ್ನು ಕಡಿದ ಮಾತ್ರಕ್ಕೆ ಯಂತ್ರಗಳ ನಡುವಿನ ವ್ಯತ್ಯಾಸ ಅಳಿಯದು. ಪ್ರತಿ ವ್ಯವಸ್ಥೆಗೂ ಬೇರೆ ಕಡತ ಬರೆದರೆ ಓದು ಸಲೀಸು, ನಿಜ. ಒಂದರಲ್ಲಿ ತಿದ್ದಿದ ದೋಷ ಇನ್ನೊಂದರಲ್ಲಿ ಉಳಿಯುವ ಅಪಾಯವೂ ಅಷ್ಟೇ ನಿಜ.

ಹಾಗಾಗಿ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬ ಪ್ರಶ್ನೆಯೇ ಹೆಚ್ಚು ಫಲದಾಯಕವೆನಿಸುತ್ತದೆ. ಲಿನಕ್ಸ್ ಕರ್ನಲ್‌ನ ಶೈಲಿಸೂತ್ರ ಷರತ್ತುಗಳನ್ನು ಹೆಡರ್ ಕಡತಕ್ಕೆ ಸರಿಸಿ, ಆಯ್ಕೆ ಇಲ್ಲದಾಗ ಖಾಲಿ ಫಂಕ್ಷನ್ ಒದಗಿಸಲು ಹೇಳುತ್ತದೆ. ಸಾಧ್ಯವಾದೆಡೆ, ಆಯ್ಕೆ ಇದೆಯೇ ಎಂದು ತಿಳಿಸುವ ಈಸ್-ಎನೇಬಲ್ಡ್ ಮ್ಯಾಕ್ರೊವನ್ನು ಸಾಮಾನ್ಯ ಇಫ್‌ನೊಳಗೆ ಬಳಸಿದರೆ, ಕಂಪೈಲರ್ ಆ ಕೋಡನ್ನೂ ಪರೀಕ್ಷಿಸಿ, ಬೇಡವಾದಾಗ ಕೈಬಿಡುತ್ತದೆ. ಆಯ್ಕೆಯ ಹೆಸರು ತಪ್ಪಿದರೆ ಇದೂ ಮೌನವಾಗಿರುತ್ತದೆ. ಆಯ್ಕೆ ಇಲ್ಲದಾಗ ಒಳಗಿನ ಕೋಡ್ ಬಳಸುವ ಹೆಸರುಗಳೇ ಇಲ್ಲದ ಕಡೆ ಇಫ್‌ಡೆಫ್ ಅನಿವಾರ್ಯ. ಆದರೂ ಅದನ್ನು ಅಂಚಿನಲ್ಲಿರಿಸಿ, ನಡುಮನೆಯನ್ನು ಕಂಪೈಲರ್ ಕಣ್ಣಿಗೆ ಬಿಡುವುದು ಸದ್ಯಕ್ಕೆ ಹೆಚ್ಚು ಸುರಕ್ಷಿತವೆಂದು ತೋರುತ್ತದೆ.